ಮೌನದ ಕೋಣೆಯಲ್ಲಿ ಮಾಯವಾದ ಅರ್ಜಿ

"ಅಕ್ಕಾ, ನಮ್ಮ ಅರ್ಜಿ ಇಲ್ಲ."

ಅನುದಾನ ವಿಭಾಗದ ಬಾಗಿಲು ತೆರೆದಿತ್ತು, ಕಿಟಕಿಗಳಿನ್ನೂ ತೆರೆದಿರಲಿಲ್ಲ. ಗಡುವಕ್ಕ ಕೈಚೀಲವನ್ನು ಮೇಜಿನ ಮೇಲಿಟ್ಟು ತಿರುಗಿದರು. ಹೊಸ್ತಿಲಲ್ಲಿ ಮರಿ ನಿಂತಿದ್ದಳು. ಲ್ಯಾಪ್‌ಟಾಪನ್ನು ಎದೆಗವಚಿಕೊಂಡಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಇಲ್ಲ ಅಂದ್ರೆ?"

"ನಿನ್ನೆ ಬೆಳಿಗ್ಗೆ ಇತ್ತು. ಈಗ ನೋಡಿದ್ರೆ 'ಹಿಂಪಡೆಯಲಾಗಿದೆ' ಅಂತ ತೋರಿಸ್ತಿದೆ. ಯಾರೋ ವಾಪಸ್ ತಗೊಂಡಿದಾರೆ ಅಕ್ಕಾ. ನಿನ್ನೆ ರಾತ್ರಿಗೇ ಗಡುವು ಮುಗೀತು."

ಗಡುವು ಎಂಬ ಮಾತು ಕಿವಿಗೆ ಬಿದ್ದರೆ ಗಡುವಕ್ಕ ಕೂತಲ್ಲಿ ಕೂರುವವರಲ್ಲ. ಯಾವ ಪ್ರತಿಷ್ಠಾನ ಯಾವ ಸಂಶೋಧನೆಗೆ ಹಣ ಕೊಡುತ್ತದೆ ಎಂದು ಹುಡುಕುವುದು, ಪ್ರಾಧ್ಯಾಪಕರಿಂದ ಅರ್ಜಿ ಬರೆಸುವುದು, ಕೊನೆಯ ದಿನ ಮೀರದಂತೆ ಅವರ ಬೆನ್ನು ಹತ್ತುವುದು — ಇಡೀ ವಿಶ್ವವಿದ್ಯಾಲಯದಲ್ಲಿ ಇದು ಅವರ ಕೆಲಸ. ಅದಕ್ಕೇ ಆ ಹೆಸರು. ಎಂತೆಂಥ ವಿದ್ವಾಂಸರೂ ಕಾರಿಡಾರಿನಲ್ಲಿ ಅವರನ್ನು ಕಂಡರೆ ಏನೋ ಮರೆತುಬಂದವರಂತೆ ಹಿಂದಕ್ಕೆ ತಿರುಗುತ್ತಿದ್ದರು. ಬೈದುಕೊಳ್ಳುತ್ತಲೂ ಇದ್ದರು. ಹಣ ಬಂದ ದಿನ ಮಾತ್ರ ಎಲ್ಲರಿಗೂ ಅವರು ಸ್ವಂತ ಅಕ್ಕ.

ಇನ್ನು ಮರಿ ಮರಿಯೇನಲ್ಲ. ಡಾಕ್ಟರೇಟ್ ಮುಗಿಸಿ, ಮಗಳನ್ನು ಶಾಲೆಗೆ ಸೇರಿಸಿದ ಹೆಂಗಸು. ಪ್ರಯೋಗಾಲಯಕ್ಕೆ ಬಂದಾಗ ಎಲ್ಲರಿಗಿಂತ ಚಿಕ್ಕವಳು ಎಂದು ಅವಳ ಮೇಷ್ಟ್ರು ಹಾಗೆ ಕರೆದರು, ಹೆಸರು ಅಂಟಿಕೊಂಡಿತು.

ಆ ಮೇಷ್ಟ್ರಿಗೂ ಒಂದು ಹೆಸರಿತ್ತು. ಶ್ ಸರ್. ಶಬ್ದದ ವಿಜ್ಞಾನಿ. ಗಂಟಲಿನ ಕಾಯಿಲೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ದನಿ ಕಳೆದುಕೊಳ್ಳಲಿರುವವರನ್ನು ಕರೆಸಿ, ದನಿ ಇರುವಾಗಲೇ ಮಾತಾಡಿಸಿ ಹಿಡಿದಿಡುತ್ತಿದ್ದರು. ಮುಂದೆ ಅವರು ಬೆರಳಲ್ಲಿ ಒತ್ತಿದ್ದನ್ನು ಯಂತ್ರವೊಂದು ಅವರದೇ ದನಿಯಲ್ಲಿ ನುಡಿಯಬೇಕು. ಸರ್ ಮತ್ತು ಮರಿ ಸೇರಿ ವರ್ಷಗಟ್ಟಲೆ ಜೀವ ತೇಯ್ದದ್ದು ಇದಕ್ಕೇ. ದಪ್ಪ ಗೋಡೆಗಳಿಗೆ ಸ್ಪಂಜು ಹೊದಿಸಿದ ಆ ಕೋಣೆಯನ್ನು ಎಲ್ಲರೂ ಮೌನದ ಕೋಣೆ ಎನ್ನುತ್ತಿದ್ದರು. ಅಲ್ಲಿ ಸೊಳ್ಳೆ ಹಾರಿದರೂ ಸರ್ ತುಟಿಯ ಮೇಲೆ ಬೆರಳಿಟ್ಟು "ಶ್" ಎಂದು ಧ್ವನಿಮುದ್ರಣ ನಿಲ್ಲಿಸಿಬಿಡುತ್ತಿದ್ದರು.

ಹಳೆಯ ಅನುದಾನ ಈ ಬೇಸಿಗೆಗೆ ಮುಗಿಯುತ್ತಿತ್ತು. ಹೊಸದು ಬರದಿದ್ದರೆ ಮರಿಯ ಕೆಲಸ ಹೋಗುತ್ತದೆ, ಕೋಣೆಗೆ ಬೀಗ ಬೀಳುತ್ತದೆ, ಸರದಿಯಲ್ಲಿ ಕಾಯುತ್ತಿರುವವರ ದನಿ ಹಿಡಿದಿಡಲು ಯಾರೂ ಇರುವುದಿಲ್ಲ. ಸರ್ ಮುಖ್ಯ ಅರ್ಜಿದಾರರಾಗಿ, ಮರಿ ಸಹ ಅರ್ಜಿದಾರಳಾಗಿ ಕಳಿಸಿದ ಅರ್ಜಿಯ ಮೇಲೆ ಅಷ್ಟೂ ನಿಂತಿತ್ತು.

"ಕೂತ್ಕೋ," ಎಂದರು ಗಡುವಕ್ಕ. "ಯಾವಾಗ ಹಿಂಪಡೆದಿದಾರೆ?"

"ನಿನ್ನೆ ಮಧ್ಯಾಹ್ನ. ಗಂಟಲು ಆಪರೇಷನ್‌ಗೆ ಹೋಗ್ತಿರೋ ಆ ಬಸ್ ಕಂಡಕ್ಟರ್ ಧ್ವನಿ ಮುದ್ರಿಸ್ಕೊಳ್ತಿದ್ವಲ್ಲ, ಅದೇ ಹೊತ್ತಲ್ಲಿ."

"ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಸರ್‌ಗೆ, ನಂಗೆ. ಮತ್ತೆ... ಸರ್ ಮರೀತಾರೆ ಅಂತ ಗೋಡೆಗೆ ಚೀಟಿ ಅಂಟಿಸಿದಾರೆ."

"ಹಾಗಾದ್ರೆ ಊರಿಗೆಲ್ಲ ಗೊತ್ತು ಅನ್ನು."

"ಪಾಸ್‌ವರ್ಡ್ ಸಾಲಲ್ಲ ಅಕ್ಕಾ. ಹಿಂಪಡೀಬೇಕಂದ್ರೆ ಸರ್ ಫೋನಿಗೆ ಬರೋ ಒಟಿಪಿ ಬೇಕು."

"ಆ ಫೋನು ಎಲ್ಲಿತ್ತು?"

"ಹೊರಗೆ, ಬುಟ್ಟೀಲಿ. ಎಲ್ಲರದ್ದೂ ಅಲ್ಲೇ. ಒಳಗೆ ತಂದ್ರೆ ಮೆಸೇಜ್ ಬಂದಾಗ ಮೈಕಿನ ತಂತಿಗೆ ಜಿರ್ರ್ ಅಂತ ಸದ್ದು ಹತ್ತತ್ತೆ. ಸೈಲೆಂಟಲ್ಲಿಟ್ರೂ ಅಷ್ಟೇ. ನಾನು ಕಂಡಕ್ಟರ್ ಪಕ್ಕ ಕೂತಿದ್ದೆ. ಸರ್ ಗಾಜಿನಾಚೆ, ಕಂಪ್ಯೂಟರ್ ಮುಂದೆ, ಹೆಡ್‌ಫೋನ್ ಹಾಕ್ಕೊಂಡು. ನಂಗೆ ಅವರ ತಲೆ ಮಾತ್ರ ಕಾಣ್ತಿತ್ತು."

"ಬುಟ್ಟಿ ಹತ್ರ ಯಾರಾದ್ರೂ?"

ಮರಿಯ ಕಣ್ಣು ಕೆಂಪಾಯಿತು. "ಇನ್ಯಾರು? ಆ ಎದುರುಮನೆ ಡಾಕ್ಟರು. ಕಸ ಗುಡಿಸೋ ಅಮ್ಮ ನೋಡಿದಾರೆ, ಮುಚ್ಚಳ ಎತ್ತಿದ್ರಂತೆ. ಅವರ ಅರ್ಜೀನೂ ಇದೇ ಅನುದಾನಕ್ಕೆ ಹೋಗಿದೆ. ಕುಲಪತಿಗಳಿಗೆ ದೂರು ಕೊಡ್ತೀನಿ."

"ಸರ್ ಏನಂದ್ರು?"

"ಏನೂ ಇಲ್ಲ. 'ಹೋಗ್ಲಿ ಬಿಡು ಮರಿ' ಅಂದ್ರು. ಪಾಪ, ಕುಗ್ಗಿ ಹೋಗಿದಾರೆ."

ಗಡುವಕ್ಕ ಪ್ರತಿಷ್ಠಾನಕ್ಕೆ ಫೋನ್ ಮಾಡಿದರು. ವಿನಯವಾಗಿ ಕೇಳಿದರು, ದಬಾಯಿಸಿದರು, ಮತ್ತೆ ವಿನಯಕ್ಕೆ ಬಂದರು. ಆ ಕಡೆಯವರು ಜಪ್ಪಯ್ಯ ಅನ್ನಲಿಲ್ಲ. ಗಡುವು ಮುಗಿದ ಮೇಲೆ ಅರ್ಜಿ ಸೇರಿಸಲೂ ಬಾರದು, ತೆಗೆಯಲೂ ಬಾರದು.

ಅವರು ಫೋನ್ ಇಟ್ಟು ಮೆಲ್ಲಗೆ ಹೇಳಿದರು: "ಇನ್ನೊಂದಿದೆಯಲ್ಲ ಮರಿ. ಸ್ವತಂತ್ರ ಸಂಶೋಧಕರ ಅನುದಾನ. ತಿಂಗಳ ಕೊನೇವರೆಗೂ ಟೈಮಿದೆ. ಐದು ವರ್ಷದ ಹಣ, ನಿನ್ನ ಹೆಸರಲ್ಲೇ. ಡಾಕ್ಟರೇಟ್ ಆಗಿ ಇಷ್ಟು ವರ್ಷದೊಳಗೆ ಹಾಕ್ಬೇಕು ಅನ್ನೋ ಲೆಕ್ಕದಲ್ಲಿ ನಿಂಗಿದೇ ಕೊನೆ ಸಲ. ಅಲ್ಲೊಂದು ಅರ್ಜಿ ಇದ್ರೆ ಇಲ್ಲಿ ಹಾಕೋ ಹಾಗಿರ್ಲಿಲ್ಲ. ಈಗ ಹೇಗೂ..."

"ಸರ್ ಹೆಸರಿಲ್ಲದ ಅರ್ಜಿಗೆ ನಾನು ಕೈ ಹಾಕಲ್ಲ. ಅವತ್ತು ಸರ್ ಕೇಳಿದಾಗ್ಲೂ ಇದನ್ನೇ ಹೇಳಿದ್ದೆ. ಆ ಕೋಣೆ ಕಟ್ಟಿದವರು ಅವರು." ಮರಿ ಎದ್ದಳು. "ಕಳ್ಳನ್ನ ಹಿಡಿದುಕೊಡಿ ಅಕ್ಕಾ. ನಂಗೆ ಅಷ್ಟು ಸಾಕು."

ದೂರೊಂದು ಕೊಟ್ಟರೆ ಕೊಟ್ಟಂತೆಯೇ. ಆಮೇಲೆ ಸುಳ್ಳೆಂದು ಗೊತ್ತಾದರೂ ಮನುಷ್ಯನ ಹೆಸರಿಗೆ ಹತ್ತಿದ ಮಸಿ ತೊಳೆದುಹೋಗುವುದಿಲ್ಲ. ಮರಿಯಿಂದ ಸಂಜೆಯವರೆಗೆ ಸಮಯ ಕೇಳಿಕೊಂಡು ಗಡುವಕ್ಕ ಕೆಳಮಹಡಿಗೆ ಇಳಿದರು.

ಎದುರುಮನೆ ಎಂದರೆ ಕಾರಿಡಾರಿನ ಆಚೆ ಬದಿಯ ಪ್ರಯೋಗಾಲಯದ ಡಾಕ್ಟರು. ಶ್ ಸರ್ ಜೊತೆ ಅವರಿಗೆ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ಒಮ್ಮೆ ಅವರು ಸೀನಿದ್ದಕ್ಕೆ ಸರ್ ಮೇಲಿನವರಿಗೆ ಬರೆದಿದ್ದರಂತೆ.

"ನಾನೇ ಅಂತ ಆಗ್ಲೇ ತೀರ್ಮಾನ ಆಯ್ತಾ?" ಅವರು ಕುರ್ಚಿಯಿಂದ ಏಳಲಿಲ್ಲ.

"ತೀರ್ಮಾನ ಆಗಿದ್ರೆ ನಾನ್ಯಾಕೆ ಮೆಟ್ಟಿಲಿಳಿದು ಬರ್ತಿದ್ದೆ? ಮಂಡಿ ನೋವು ನಂಗೆ. ಬುಟ್ಟಿ ಮುಚ್ಚಳ ತೆಗೆದ್ರಾ?"

"ತೆಗೆದೆ. ಒಂದು ಮೈಕ್ ಕೇಳೋಣ ಅಂತ ಹೋಗಿದ್ದೆ. ಒಳಗೆ ಯಾರಾದ್ರೂ ಇದಾರಾ ಅಂತ ಬುಟ್ಟಿ ನೋಡಿದ್ರೆ ಗೊತ್ತಾಗತ್ತಲ್ಲ. ಫೋನುಗಳಿದ್ವು. ಮುಚ್ಚಿ ವಾಪಸ್ ಬಂದೆ."

"ಯಾರ್ಯಾರ ಫೋನು?"

ಅವರು ಹುಬ್ಬೇರಿಸಿದರು. "ಬೆಳಿಗ್ಗೆಯಿಂದ ಎಲ್ಲರೂ 'ನೀವು ಮುಟ್ಟಿದ್ರಾ' ಅಂತ ಕೇಳಿದ್ರೇ ಹೊರತು ಇದನ್ನ ಯಾರೂ ಕೇಳ್ಲಿಲ್ಲ. ಮರೀದು ಒಂದು, ಮಗಳ ಫೋಟೋ ಇರೋದು. ಇನ್ನೊಂದು ರಬ್ಬರ್ ಬ್ಯಾಂಡ್ ಸುತ್ತಿದ ಹಳೇ ಫೋನು."

"ಅಷ್ಟೇನಾ?"

"ಅಷ್ಟೇ. ಒಂದ್ಮಾತು ಹೇಳ್ಲಾ? ಆ ಕೆಲಸ ನಿಲ್ಲಬಾರದು. ನಮ್ಮಪ್ಪ ಹೋಗಿ ಎಷ್ಟೋ ವರ್ಷ ಆಯ್ತು, ದನಿ ಹೇಗಿತ್ತು ಅಂತಾನೇ ಮರೆತುಹೋಗಿದೆ ನಂಗೆ." ಅವರು ಕಿಟಕಿಯ ಕಡೆ ನೋಡಿದರು. "ಅದನ್ನ ಆ ಮುದುಕನಿಗೆ ಹೇಳ್ಬೇಡಿ."

ಗಡುವಕ್ಕ ಹೊರಗೆ ಬಂದು ಬೀಗ ಹಾಕಿದ ಬೀರುಗಳ ಸಾಲಿನ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತರು. ಮರಿಯದೊಂದು, ರಬ್ಬರ್ ಬ್ಯಾಂಡಿನದು ಕಂಡಕ್ಟರದು. ಮೂರನೆಯದು, ಸರ್ ಅವರದು, ಎಲ್ಲಿ? ಎದುರುಮನೆಯವರು ಬರುವ ಮೊದಲೇ ಯಾರೋ ಕದ್ದಿದ್ದರೇ? ಅಥವಾ—

ಶ್ ಸರ್ ತಮ್ಮ ಕೋಣೆಯಲ್ಲಿ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ನಿವೃತ್ತಿಗೆ ಇನ್ನೂ ಸಮಯವಿತ್ತು.

"ಸರ್, ನಿನ್ನೆ ಫೋನು ಎಲ್ಲಿಟ್ಟಿದ್ರಿ?"

"ಫೋನು ಎಲ್ಲಿರ್ಬೇಕು ಅಂತ ನಿಯಮ ಮಾಡಿದವನೇ ನಾನಲ್ವಾ ಗಡುವಕ್ಕ?"

"ಯಾರ ಮೇಲೆ ಅನುಮಾನ?"

"ಯಾರ ಮೇಲೂ ಇಲ್ಲ." ಅವರು ಪುಸ್ತಕವೊಂದರ ದೂಳು ಒರೆಸಿದರು. "ಮರಿ ಆ ಇನ್ನೊಂದು ಅರ್ಜಿ ಹಾಕ್ತಾಳಂತಾ?"

"ಹಾಕಲ್ವಂತೆ."

ಸರ್ ಕೈ ಅಲ್ಲಿಗೇ ನಿಂತಿತು. ಗಡುವಕ್ಕ ಅದನ್ನು ನೋಡಿದರು.

ಮೌನದ ಕೋಣೆಯ ಗಾಜಿನ ಈಚೆ ಮರಿ ಕೆಲಸಕ್ಕೆ ಕೂತಿದ್ದಳು. ಮನಸ್ಸು ಸರಿ ಇಲ್ಲದಾಗ ಅವಳಿಗೆ ಕೆಲಸವೇ ಮದ್ದು.

"ಇದೊಂದು ಗಾಯದ ಮೇಲೆ ಬರೆ ಅಕ್ಕಾ," ಎಂದಳು. "ಇವತ್ತು ಬೆಳಿಗ್ಗೆ ಕೇಳಿಸ್ಕೊಂಡ್ರೆ ಕಂಡಕ್ಟರ್ ಹೇಳಿದ್ದರಲ್ಲಿ ಒಂದು ವಾಕ್ಯ ಕೆಟ್ಟಿದೆ. ಯಾವ್ದೋ ತಂತಿ ಸಡಿಲ ಆಗಿರ್ಬೇಕು."

"ನಂಗೂ ಕೇಳಿಸು."

ಹೆಡ್‌ಫೋನಿನಲ್ಲಿ ಒರಟು ಗಂಡುದನಿಯೊಂದು ಎದ್ದಿತು. ಮುಂದೆ ಹೋಗಿ, ಮುಂದೆ ಜಾಗ ಇದೆ. ಚಿಲ್ಲರೆ ಕೊಡಿ. ಯಾರಮ್ಮಾ ಇಳಿಯೋರು? ಕೇಳುತ್ತ ಗಡುವಕ್ಕನಿಗೆ ನಗು ಬಂತು. ಆಮೇಲೆ ಅದೇ ದನಿ ತಗ್ಗಿತು: "ಬಾಗಿಲು ತೆಗಿಯೇ. ನಾನು, ಬಂದೆ." ಆ ಕೊನೆಯ ಮಾತಿನ ಮೇಲೆ ಜಿರ್ರ್ ಎಂದು ಸದ್ದು ಹರಿದಿತ್ತು. ದನಿ ಮಾತ್ರ ತನ್ನ ಪಾಡಿಗೆ ಮುಂದಿನ ವಾಕ್ಯಕ್ಕೆ ಹೋಯಿತು.

ಗಡುವಕ್ಕ ಕಣ್ಣೊರೆಸಿಕೊಂಡರು. "ಹೆಂಡತಿಗಾ?"

"ಹೂಂ. ಬೇರೆ ಏನು ಬಿಟ್ರೂ ಪರವಾಗಿಲ್ಲ, ಇದೊಂದು ಬೇಕೇ ಬೇಕು ಅಂದಿದ್ರು. ಮುಂದಿನ ವಾರ ಆಪರೇಷನ್. ಪುಣ್ಯಕ್ಕೆ ಇವತ್ತು ಸಂಜೆ ಮತ್ತೆ ಬರ್ತಿದಾರೆ. ಸರ್ ನಿನ್ನೆ ಸಂಜೇನೇ ಫೋನ್ ಮಾಡಿ ಕರ್ಸಿದಾರೆ. ಅವರ ಕಿವಿ ಅಂದ್ರೆ ಕಿವಿ."

ಗಡುವಕ್ಕ ಹೆಡ್‌ಫೋನನ್ನು ನಿಧಾನವಾಗಿ ಕೆಳಗಿಟ್ಟರು.

"ಮರಿ, ಸರ್‌ನ ಕರಿ. ಎದುರುಮನೆಯವರನ್ನೂ ಕರಿ."

ನಾಲ್ವರಿಗೆ ಅಲ್ಲಿ ಜಾಗ ಸಾಲದು. ಎದುರುಮನೆ ಬಾಗಿಲಿಗೆ ಒರಗಿ ನಿಂತರು. ಸರ್ ತಮ್ಮ ಕುರ್ಚಿಯಲ್ಲಿ ಕೂರದೆ ಸ್ಟೂಲಿನ ಮೇಲೆ ಕೂತರು.

"ನಿನ್ನೆ ಬುಟ್ಟೀಲಿ ಎರಡೇ ಫೋನಿದ್ವು," ಎಂದರು ಗಡುವಕ್ಕ. "ಮೂರನೇದು ಕದ್ದುಹೋಗಿತ್ತಾ? ಇಲ್ಲ. ಅದು ಇಲ್ಲೇ ಇತ್ತು, ಈ ಮೇಜಿನ ಕೆಳಗೆ, ಮಡಿಲಲ್ಲಿ. ಒಟಿಪಿ ಬಂದಾಗ ಮೈಕಿನ ತಂತಿ ಜಿರ್ರ್ ಅಂತು. ಆ ಸದ್ದು ರೆಕಾರ್ಡ್ ಆಗಿದೆ."

"ತಂತಿ ಸಡಿಲ—" ಎಂದಳು ಮರಿ.

"ಸಡಿಲ ಅಂತಾನೇ ಇಟ್ಕೋ. ಸೊಳ್ಳೆ ಹಾರಿದ್ರೆ ನಿಲ್ಲಿಸೋ ಮನುಷ್ಯ ಅಷ್ಟು ದೊಡ್ಡ ಸದ್ದಿಗೆ ಯಾಕೆ ನಿಲ್ಲಿಸ್ಲಿಲ್ಲ? ಕೇಳಿಸ್ಲಿಲ್ವಾ? ಕೇಳಿಸ್ತು. ಕೇಳಿಸಿದ್ದಕ್ಕೇ ಸಂಜೆ ಕಂಡಕ್ಟರಿಗೆ ಫೋನ್ ಮಾಡಿದ್ರು. ವಾಕ್ಯ ಕೆಟ್ಟಿದೆ ಅಂತ ನಿಂಗೆ ಗೊತ್ತಾಗಿದ್ದು ಇವತ್ತು ಬೆಳಿಗ್ಗೆ. ಅವರಿಗೆ ನಿನ್ನೇನೇ ಗೊತ್ತಿತ್ತು. ನಿಲ್ಲಿಸಿದ್ರೆ ಏನು ಸದ್ದು ಅಂತ ನೀನು ಎದ್ದು ಬರ್ತಿದ್ದೆ. ಅದಕ್ಕೇ ಸುಮ್ಮನಿದ್ರು. ಆದ್ರೆ ಒಬ್ಬ ಹೆಂಗಸು ಮುಂದೆ ಕಾಯೋ ಮಾತು ಅದು. ಅದನ್ನ ಹಾಗೇ ಬಿಡೋಕೆ ಮನಸ್ಸು ಬರ್ಲಿಲ್ಲ. ಸಿಕ್ಕಿಬಿದ್ದಿದ್ದು ಆ ಒಳ್ಳೇತನದಿಂದಲೇ. ಅರ್ಜಿ ಹಿಂಪಡೆದವರು ನೀವೇ ಅಲ್ವಾ ಸರ್?"

ಸರ್ ಜೇಬಿನಿಂದ ಫೋನು ತೆಗೆದು ಮೇಜಿನ ಮೇಲಿಟ್ಟರು.

"ಹೌದು," ಎಂದರು ಶ್ ಸರ್.

ಮರಿ ಗೋಡೆ ಹಿಡಿದುಕೊಂಡಳು. "ಯಾಕೆ ಸರ್?"

"ಅದು ಬಂದಿದ್ರೆ ನನ್ನ ಹೆಸರಲ್ಲಿ ಬರ್ತಿತ್ತು. ಎರಡು ವರ್ಷಕ್ಕೆ ನಾನು ನಿವೃತ್ತ, ನನ್ನ ಜೊತೆ ಹಣಾನೂ ನಿವೃತ್ತ. ಆಮೇಲೆ ನೀನು ಯಾರ ಹತ್ರ ಹೋಗ್ತಿದ್ದೆ? ಆ ಇನ್ನೊಂದಕ್ಕೆ ನಿಂಗೆ ಅವಧಿ ಮೀರಿರ್ತಿತ್ತು. ನನ್ನ ಅರ್ಜಿ ಇರೋವರೆಗೂ ನಿನ್ನ ದಾರಿ ಬಂದ್."

"ನನ್ನ ಕೇಳ್ಬೇಕಿತ್ತು."

"ಕೇಳಿದ್ದೆನಲ್ಲ. ನೀನು ಬೇಡ ಅಂದೆ."

"ಬೇಡ ಅಂದ್ರೆ ಬೇಡ ಅಂತಲೇ ಅರ್ಥ ಸರ್!" ಆ ಕೋಣೆಯಲ್ಲಿ ಮರಿ ದನಿ ಎತ್ತಿದ್ದು ಅದೇ ಮೊದಲು. ಯಾರೂ ಶ್ ಎನ್ನಲಿಲ್ಲ. "ನನ್ನ ಬದುಕು ನೀವು ಮೇಜಿನ ಕೆಳಗೆ ಫೋನಿಟ್ಕೊಂಡು ತೀರ್ಮಾನ ಮಾಡಿದ್ರಿ. ಇವರನ್ನ ನಾನು ಕಳ್ಳ ಅಂದೆ. ನೀವು ಸುಮ್ಮನೆ ಕೇಳಿಸ್ಕೊಂಡು ಕೂತಿದ್ರಿ."

"ತಪ್ಪು," ಎಂದರು ಸರ್. ಎದುರುಮನೆಯ ಕಡೆ ತಿರುಗಿ ಮತ್ತೆ ಹೇಳಿದರು, "ತಪ್ಪಾಯ್ತು." ಎದುರುಮನೆ ಇರಲಿ ಎಂಬಂತೆ ಕೈಯಾಡಿಸಿದರು. ಮರಿ ಅವರಿಗೆ ಕೈಮುಗಿದಳು.

ಆಮೇಲೆ ಅವಳು ಕಣ್ಣೊರೆಸಿಕೊಂಡು ಗಡುವಕ್ಕನನ್ನು ಕೇಳಿದಳು: "ನಾನು ಹಾಕಿದ್ರೆ ಸರ್‌ನ ಸಲಹೆಗಾರರಾಗಿ ಸೇರಿಸ್ಬಹುದಾ?"

"ಸೇರಿಸ್ಬಹುದು." ಗಡುವಕ್ಕನಿಗೆ ಮುಂದಿನದು ಹೇಳಲು ಕಷ್ಟವಾಯಿತು. "ಆದ್ರೆ ನಿನ್ನ ಕೆಲಸ ಬಲ್ಲವರು ಒಬ್ರು ನಿನ್ನ ಬಗ್ಗೆ ಶಿಫಾರಸು ಪತ್ರ ಬರೆದು ಕಳಿಸ್ಬೇಕು. ಅರ್ಧ ಅಂಕ ಅದರ ಮೇಲೇ. ಯೋಜನೇಲಿ ಹೆಸರಿರೋರು ಬರೆಯೋ ಹಾಗಿಲ್ಲ. ಸರ್ ಈ ಕೋಣೇಲಿ ಉಳೀಬಹುದು, ಇಲ್ಲಾ ನಿನ್ನ ಬಗ್ಗೆ ಬರೀಬಹುದು. ಎರಡರಲ್ಲಿ ಒಂದು."

ಸರ್ ಸುತ್ತ ಕಣ್ಣಾಡಿಸಿದರು. ಸ್ಪಂಜಿನ ಗೋಡೆಗಳು, ಗಾಜು, ಒಳಗೆ ಬರಿದಾದ ಕುರ್ಚಿ. ಅಷ್ಟನ್ನೂ ಅವರು ಕೈಯಾರೆ ಕಟ್ಟಿದ್ದರು.

"ಈ ಸಲ ನಿನ್ನ ಕೇಳ್ತಿದೀನಿ ಮರಿ," ಎಂದರು. "ಇಷ್ಟು ವರ್ಷ ನನ್ನ ಹೆಸರಿನ ಕೆಳಗೆ ನಿನ್ನ ಹೆಸರು ಬರ್ದೆ. ನಿನ್ನ ಬಗ್ಗೆ ಒಂದು ಸಾಲೂ ಬರೆಯೋಕಾಗ್ಲಿಲ್ಲ. ಬರೀಲಾ?"

ಮರಿ ಸರ್ ಕಡೆ ತಿರುಗಿದಳು. ತಲೆಯಾಡಿಸಿದಳು.

"ಬರೀರಿ. ಕಳಿಸೋ ಮೊದಲು ನಂಗೆ ತೋರಿಸ್ಬೇಕು."

"ಅದು ಗೌಪ್ಯ," ಎಂದರು ಗಡುವಕ್ಕ. "ಅರ್ಜಿದಾರರು ಯಾವತ್ತೂ ಓದೋ ಹಾಗಿಲ್ಲ."

"ಒಳ್ಳೇದೇ ಆಯ್ತು," ಎಂದರು ಸರ್. "ಅವಳು ಓದ್ತಾಳೆ ಅಂದಿದ್ರೆ ನಂಗೆ ನಾಚಿಕೆ ಆಗ್ತಿತ್ತು. ಎಷ್ಟು ಬರೀಬಹುದು?"

"ಒಂದೇ ಪುಟ. ಮೀರಿದ್ರೆ ತೆಗೆದು ಆಚೆ ಇಡ್ತಾರೆ."

ಶ್ ಸರ್ ಎದ್ದು ಜೇಬಿನಲ್ಲಿ ಪೆನ್ನು ತಡಕಿದರು.

"ಹಾಗಾದ್ರೆ ಇವತ್ತೇ ಶುರು ಮಾಡ್ತೀನಿ. ಬರೆಯೋದು ಕಷ್ಟ ಅಲ್ಲ, ಒಂದು ಪುಟಕ್ಕೆ ಇಳಿಸೋದಕ್ಕೇ ತಿಂಗಳು ಬೇಕು."