ದೊಡ್ಡಣ್ಣನ ಕೊನೆಯ ಕರೆ

ಸಂಘದ ಸಭಾಂಗಣದ ಬಾಗಿಲು ತೆಗೆದ ಕಸ ಗುಡಿಸುವ ಹೆಂಗಸು ಪೊರಕೆ ಅಲ್ಲೇ ಬಿಟ್ಟು ರಸ್ತೆಗೆ ಓಡಿಬಂದಳು. ಒಳಗೆ, ವೇದಿಕೆಯ ಕೆಳಗೆ, ದೊಡ್ಡಣ್ಣ ಅಂಗಾತ ಬಿದ್ದಿದ್ದರು. ತಲೆಯ ಹಿಂದೆ ರಕ್ತ ಹೆಪ್ಪುಗಟ್ಟಿತ್ತು. ವೇದಿಕೆಯ ಮೇಲೆ ಕಟ್ಟಿದ ಬ್ಯಾನರಿನಲ್ಲಿ 'ನಮ್ಮ ಕಸುಬು ಉಳಿಸಿ' ಎಂಬ ದಪ್ಪಕ್ಷರಗಳಿದ್ದವು.

ದೊಡ್ಡಣ್ಣ ಸ್ವತಂತ್ರ ವಿಮಾ ಏಜೆಂಟರ ಸಂಘದ ಅಧ್ಯಕ್ಷರು. ಕಂಪನಿಗಳು ಏಜೆಂಟರನ್ನು ಬದಿಗೊತ್ತಿ ಗ್ರಾಹಕರಿಗೆ ನೇರವಾಗಿ ಪಾಲಿಸಿ ಮಾರಲು ದಾರಿ ಮಾಡಿಕೊಡುವ ಮಸೂದೆಯೊಂದು ಶಾಸನಸಭೆಯ ಮುಂದಿತ್ತು. ಅದನ್ನು ತಡೆಯಲು ಅವರು ಊರೂರು ಸುತ್ತಿದ್ದರು. ಪ್ರತಿ ಕ್ಷೇತ್ರದ ಏಜೆಂಟರೂ ತಮ್ಮ ಗ್ರಾಹಕರನ್ನು ಕರೆದುಕೊಂಡು ತಮ್ಮ ಶಾಸಕರ ಮನೆಗೆ ಹೋಗಬೇಕು, ಕಷ್ಟಕಾಲದಲ್ಲಿ ಏಜೆಂಟ್ ಹೇಗೆ ನೆರವಿಗೆ ಬಂದ ಎಂದು ಜನರ ಬಾಯಿಂದಲೇ ಹೇಳಿಸಬೇಕು. ಇದು ಅವರ ದಾರಿ. ಅಂದು ಬೆಳಿಗ್ಗೆ ಏಜೆಂಟರೆಲ್ಲ ಇದೇ ಸಭಾಂಗಣದಿಂದ ಶಾಸನಸಭೆಗೆ ಮೆರವಣಿಗೆ ಹೊರಡಬೇಕಿತ್ತು.

"ಕಾಲು ಜಾರಿ ಬಿದ್ರೇನೋ, ಮೇಡಂ" ಎಂದ ದಫೇದಾರ.

ಇನ್ಸ್‌ಪೆಕ್ಟರ್ ಮಂಡಿಯೂರಿ ಕೂತಳು. ಅಂಗಿಯ ಮೇಲಿನ ಗುಂಡಿಗಳು ಕಿತ್ತುಹೋಗಿದ್ದವು. ಒಂದು ಗುಂಡಿ ವೇದಿಕೆಯ ಮೇಲೇ ಸಿಕ್ಕಿತು.

"ಜಾರಿ ಬೀಳೋರ ಅಂಗಿ ಯಾರೂ ಹಿಡ್ಕೊಂಡಿರಲ್ಲ. ಎದೆ ಮೇಲಿನ ಅಂಗಿ ಹಿಡಿದು ನೂಕಿದ್ದಾರೆ. ವೇದಿಕೆ ಅಂಚು ತಲೆಗೆ ಬಡಿದಿದೆ."

ಜೇಬಿನಲ್ಲಿ ಗುಂಡಿ ಒತ್ತುವ ಹಳೇ ಫೋನು ಭದ್ರವಾಗಿತ್ತು. ಕೊನೆಯ ಕರೆ ಹೋಗಿದ್ದು ಸಂಘದ ಕಾರ್ಯದರ್ಶಿಗೆ.

*

ಕಾರ್ಯದರ್ಶಿ ದೊಡ್ಡಣ್ಣನ ಹೆಂಡತಿಯ ಸ್ವಂತ ತಮ್ಮ. ಮನೆ ಸಭಾಂಗಣದ ಹಿಂದಿನ ಬೀದಿಯಲ್ಲೇ. ಅವನ ಕಣ್ಣು ಕೆಂಪಾಗಿತ್ತು.

"ಹೌದು, ಭಾವ ರಾತ್ರಿ ಫೋನ್ ಮಾಡಿದ್ರು. ನಾನು ಮನೇಲಿದ್ದೆ. ವಿಮಾ ಕಂಪನಿ ಮ್ಯಾನೇಜರ್ ಮತ್ತೆ ಬಂದಿದಾನೆ, ಮೆರವಣಿಗೆ ನಿಲ್ಲಿಸು ಅಂತ ಎಗರಾಡ್ತಿದಾನೆ ಅಂದ್ರು."

"ನೀವು ಬರಲಿಲ್ವಾ?"

"ಬರ್ಲಾ ಅಂತ ಕೇಳ್ದೆ. ಬೇಡ, ನಾನೇ ನೋಡ್ಕೋತೀನಿ ಅಂದ್ರು. ಊಟ ಆಯ್ತಾ ಅಂದೆ, ಮನೆಗೆ ಹೋಗಿ ಮಾಡ್ತೀನಿ ಅಂದ್ರು." ಅವನು ಮುಖ ಮುಚ್ಚಿಕೊಂಡ. "ಬಂದಿದ್ರೆ ಉಳಿಸ್ಕೋಬಹುದಿತ್ತು."

ಮಾತು ಹೊರಗೆ ಹರಿಯಲು ಹೊತ್ತು ಹಿಡಿಯಲಿಲ್ಲ. ಮೆರವಣಿಗೆಗೆಂದು ಬಂದಿದ್ದ ಏಜೆಂಟರು ಕಂಪನಿಯ ಕಚೇರಿಯ ಮುಂದೆ ಹೋಗಿ ಕೂತರು. ಮ್ಯಾನೇಜರನನ್ನು ಬಂಧಿಸಿ ಎಂದು ಪಟ್ಟು ಹಿಡಿದರು. ಮೇಲಧಿಕಾರಿಯ ಫೋನು ಬಂತು. "ಸಾಕ್ಷಿ ಕೈಯಲ್ಲೇ ಇದೆಯಲ್ಲಮ್ಮ. ಇನ್ನೇನು ಮೀನಮೇಷ ಎಣಿಸ್ತಿದೀಯ?"

*

ಮ್ಯಾನೇಜರ್ ಬೆವರುತ್ತಿದ್ದ.

"ಸಂಜೆ ಹೋಗಿದ್ದೆ. ಜಗಳ ಆಡಿದ್ದೂ ನಿಜ. ಎಲ್ರೂ ನೋಡಿದಾರೆ. ಆದ್ರೆ ಆಮೇಲೆ ಅತ್ತ ತಲೆ ಹಾಕಿಲ್ಲ."

"ರಾತ್ರಿ ಎಲ್ಲಿದ್ರಿ?"

"ಮನೇಲಿ. ಒಬ್ಬನೇ. ಹೆಂಡತಿ ತವರಿಗೆ ಹೋಗಿದಾಳೆ."

"ಯಾರಾದ್ರೂ ನೋಡಿದ್ರಾ?"

"ಒಬ್ಬನೇ ಇದ್ದೆ ಅಂದ್ನಲ್ಲ." ಅವನು ಸೋತ ದನಿಯಲ್ಲಿ ಹೇಳಿದ. "ಸುಳ್ಳು ಹೇಳೋ ಹಾಗಿದ್ರೆ ಇದಕ್ಕಿಂತ ಒಳ್ಳೇದು ಹೇಳ್ತಿದ್ದೆ, ಮೇಡಂ."

ಹೊರಗೆ ಬಂದ ಮೇಲೆ ದಫೇದಾರ ಗೊಣಗಿದ. "ಇವನೇ. ಮುಖದಲ್ಲೇ ಬರೆದಿದೆ."

"ಮುಖದಲ್ಲಿ ಹೆದರಿಕೆ ಬರೆದಿದೆ. ನಿನ್ನನ್ನ ನೋಡಿದ್ರೆ ಯಾರಿಗಾದ್ರೂ ಹೆದರಿಕೆ ಆಗುತ್ತೆ" ಎಂದಳು ಆಕೆ. ಆದರೆ ನಗಲಿಲ್ಲ. ಮ್ಯಾನೇಜರನನ್ನು ಬಿಡಿಸಲು ಅವಳ ಬಳಿಯೂ ಏನೂ ಇರಲಿಲ್ಲ.

*

ದೊಡ್ಡಣ್ಣನ ಮನೆಯಲ್ಲಿ ಹೆಂಗಸರು ಗೋಡೆಗೊರಗಿ ಕೂತಿದ್ದರು. ಹೆಂಡತಿ ಅಳುತ್ತಿರಲಿಲ್ಲ. ಗಂಡನ ಒಗೆದ ಅಂಗಿಗಳನ್ನು ಮಡಚುತ್ತಿದ್ದರು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದರು.

"ರಾತ್ರಿ ಅವರು ಮನೆಗೆ ಬರಲಿಲ್ಲ. ನೀವು ಫೋನ್ ಮಾಡಿ ವಿಚಾರಿಸಲಿಲ್ವಾ, ಅಮ್ಮ?"

"ಮೆರವಣಿಗೆ ಕೆಲಸಕ್ಕೆ ಅಲ್ಲೇ ಉಳಿದಿರ್ತಾರೆ ಅಂದ್ಕೊಂಡೆ. ಫೋನ್ ಮಾಡಿ ಏನು ಪ್ರಯೋಜನ? ಅವರಿಗೆ ಕೇಳಿಸ್ತಾ ಇರ್ಲಿಲ್ಲ."

ಇನ್ಸ್‌ಪೆಕ್ಟರ್ ಅವರ ಹತ್ತಿರಕ್ಕೆ ಸರಿದು ಕೂತಳು.

"ಕೇಳಿಸ್ತಾ ಇರ್ಲಿಲ್ಲ ಅಂದ್ರೆ?"

ಆಕೆ ಸುತ್ತಲಿನವರತ್ತ ನೋಡಿ ದನಿ ತಗ್ಗಿಸಿದರು. "ಎರಡೂ ಕಿವಿ ಮಂದ ಆಗಿತ್ತು. ಒಳಗೆ ಹಾಕ್ಕೊಳ್ಳೋ ಸಣ್ಣ ಯಂತ್ರ ಇಟ್ಕೊಂಡಿದ್ರು. ನಾಯಕನಿಗೇ ಕಿವಿ ಕೇಳಲ್ಲ ಅಂದ್ರೆ ಹಗುರ ಆಗಿಬಿಡ್ತೀನಿ ಅಂತ ಯಾರಿಗೂ ಹೇಳಿರ್ಲಿಲ್ಲ. ನನ್ನ ತಮ್ಮನಿಗೂ ಗೊತ್ತಿಲ್ಲ. ನಿನ್ನೆ ಮಧ್ಯಾಹ್ನ ಅದು ಕೆಟ್ಟು ರಿಪೇರಿಗೆ ಕೊಟ್ಟಿದ್ರು. ಎದುರಿಗೆ ಕೂತು ಮಾತಾಡಿದ್ರೆ ತುಟಿ ನೋಡಿ ತಿಳ್ಕೊಳ್ಳೋರು. ಫೋನಿನಲ್ಲಿ ಮಾತ್ರ ಏನೇನೂ ಆಗ್ತಿರ್ಲಿಲ್ಲ."

ತನ್ನ ಬಾಯಿಂದ ಬಂದದ್ದು ಏನೆಂದು ಆ ಹೆಂಗಸಿಗೆ ತಿಳಿದಿರಲಿಲ್ಲ. ಇನ್ಸ್‌ಪೆಕ್ಟರ್ ಅಂಗಡಿಯ ವಿಳಾಸ ಕೇಳಿಕೊಂಡು ಎದ್ದಳು.

ರಿಪೇರಿ ಅಂಗಡಿಯವನು ಯಂತ್ರವನ್ನು ತೋರಿಸಿದ. ಇನ್ನೂ ಬಿಚ್ಚಿಯೇ ಇತ್ತು. "ಇದಿಲ್ದೆ ಫೋನಾ? ಸಾಧ್ಯವೇ ಇಲ್ಲ" ಎಂದ.

*

ಏಕೆ ಎಂಬುದು ಉಳಿದಿತ್ತು. ಅದನ್ನು ಹೇಳಿದ್ದು ಆ ಕ್ಷೇತ್ರದ ಶಾಸಕ.

"ಸಂಜೆ ನಾನೇ ಅವರನ್ನ ಕರೆಸಿದ್ದೆ. ಯಾಕೋ ನನ್ನ ಬಾಯಿಯನ್ನೇ ನೋಡ್ತಾ ಕೂತಿದ್ರು. ನಮಗೆಲ್ಲ ರಾಶಿ ರಾಶಿ ಸಂದೇಶ ಬಂದಿತ್ತು ನೋಡಿ, 'ನಮ್ಮ ಏಜೆಂಟರನ್ನ ಉಳಿಸಿ' ಅಂತ, ಮತದಾರರ ಹೆಸರಲ್ಲಿ. ಅದ್ರಲ್ಲಿ ಒಂದು ಕಳೆದ ವಾರ ಬಂದದ್ದು. ಕಳಿಸಿದವನು ನನಗೆ ಬೇಕಾದವನು. ಅವನ ಹೆಣಕ್ಕೆ ನಾನೇ ಹೆಗಲು ಕೊಟ್ಟು ತಿಂಗಳಾಗಿತ್ತು."

"ದೊಡ್ಡಣ್ಣ ಏನಂದ್ರು?"

"ಮುಖ ಬಿಳುಚಿಕೊಂಡ್ತು. ಇದು ನನಗೆ ಗೊತ್ತಿಲ್ಲ, ನಾಳೆ ಎಲ್ಲರ ಮುಂದೆ ವೇದಿಕೆ ಮೇಲೇ ಹೇಳ್ತೀನಿ, ಕ್ಷಮೆ ಕೇಳ್ತೀನಿ ಅಂದ್ರು. ನಾನು ಬೇಡ ಅಂದೆ. ಕೇಳೋ ಮನುಷ್ಯ ಅಲ್ಲ."

"ಸಂದೇಶ ಕಳಿಸೋ ಕೆಲಸ ಯಾರದ್ದು?"

"ಕಾರ್ಯದರ್ಶಿದು. ಅದು ಎಲ್ರಿಗೂ ಗೊತ್ತಲ್ಲ."

*

ಸಭಾಂಗಣದ ಪಕ್ಕದ ಕೋಣೆಯಲ್ಲಿ ಕಾರ್ಯದರ್ಶಿ ಕೂತಿದ್ದ. ಅಕ್ಕನೂ ಬಂದಿದ್ದರು, ಬೇಡವೆಂದರೂ ಕೇಳಿರಲಿಲ್ಲ. ಏಜೆಂಟರು ಹೊರಗೆ ಶವದ ದಾರಿ ಕಾಯುತ್ತಿದ್ದರು.

"ಇನ್ನೊಂದ್ಸಲ ಹೇಳಿ. ಫೋನಲ್ಲಿ ನೀವು ಕೇಳಿದ್ದಕ್ಕೆಲ್ಲ ಅವರು ಉತ್ತರ ಕೊಟ್ರಾ?" ಎಂದಳು ಇನ್ಸ್‌ಪೆಕ್ಟರ್.

"ಕೊಟ್ರು."

"ಏನು, ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳು ಅನ್ಲಿಲ್ವಾ?"

"ಇಲ್ಲ. ಚೆನ್ನಾಗೇ ಮಾತಾಡಿದ್ರು."

ಅಕ್ಕ ತಲೆಯೆತ್ತಿ ತಮ್ಮನ ಮುಖ ನೋಡಿದರು. ನೋಡುತ್ತಲೇ ಇದ್ದರು.

"ನಿಮ್ಮ ಭಾವನಿಗೆ ಕಿವಿ ಕೇಳಿಸ್ತಿರ್ಲಿಲ್ಲ" ಎಂದಳು ಇನ್ಸ್‌ಪೆಕ್ಟರ್. "ಯಂತ್ರ ಅಂಗಡಿಯಲ್ಲಿತ್ತು. ಎದುರು ನಿಂತು ಜಗಳ ಆಡುವಾಗ ನಿಮ್ಮ ತುಟಿ ನೋಡಿ ಉತ್ತರ ಕೊಟ್ರು. ಅದಕ್ಕೇ ನಿಮಗೆ ಗೊತ್ತಾಗ್ಲಿಲ್ಲ. ಫೋನಲ್ಲಿ ತುಟಿ ಕಾಣಲ್ಲ. ಅವರು ಬಿದ್ದ ಮೇಲೆ ಅವರ ಫೋನಿಂದ ನಿಮ್ಮ ಫೋನಿಗೆ ನೀವೇ ಕರೆ ಮಾಡಿದ್ರಿ. ಎರಡೂ ನಿಮ್ಮ ಕೈಯಲ್ಲೇ ಇತ್ತು. ಮನೆ ಹಿಂದಿನ ಬೀದಿಯಲ್ಲೇ, ಇಲ್ಲಿದ್ರೋ ಅಲ್ಲಿದ್ರೋ ಟವರಿಗೆ ತಿಳಿಯಲ್ಲ. ಸಂಜೆ ಮ್ಯಾನೇಜರ್ ಜಗಳ ಆಡಿದ್ದನ್ನ ಊರೆಲ್ಲ ನೋಡಿತ್ತು. ಅವನ ತಲೆಗೆ ಕಟ್ಟೋದು ಸುಲಭ ಆಯ್ತು."

ಅವನು ಬಾಯಿ ಬಿಟ್ಟಾಗ ದನಿಯಲ್ಲಿ ಸಿಟ್ಟಿತ್ತು.

"ಜನ ತಾವಾಗೇ ಸಂದೇಶ ಕಳಿಸ್ತಾರಾ? ನೂರು ಸಲ ಬೇಡ್ಕೋಬೇಕು. ಅದಕ್ಕೇ ಹಳೇ ಗ್ರಾಹಕರ ಹೆಸರಲ್ಲಿ ನಾನೇ ಕಳಿಸ್ದೆ. ಯಾರಿಗೋಸ್ಕರ? ಇಷ್ಟು ಜನರ ಅನ್ನಕ್ಕೋಸ್ಕರ. ನಮ್ಮ ಕಡೆ ಗಾಳಿ ತಿರುಗಿತ್ತು. ಇವರು ಮೈಕ್ ಹಿಡಿದು ಎಲ್ಲಾನೂ ಹಾಳು ಮಾಡ್ತೀನಿ ಅಂದ್ರು. ಬೇಡ ಭಾವ ಅಂತ ಕಾಲು ಹಿಡಿದೆ. ಆಮೇಲೆ ಅಂಗಿ ಹಿಡಿದೆ. ಸಾಯಿಸ್ಬೇಕು ಅಂತ ಅಲ್ಲ."

"ಬಿದ್ದಾಗ ಉಸಿರಿತ್ತೇನೋ?" ಅಕ್ಕ ಕೇಳಿದರು.

ಅವನು ಇನ್ಸ್‌ಪೆಕ್ಟರ್ ಕಡೆ ನೋಡಿದ. ಬಿದ್ದ ಮೇಲೂ ಸ್ವಲ್ಪ ಹೊತ್ತು ಜೀವವಿತ್ತೆಂದು ಡಾಕ್ಟರು ಹೇಳಿದ್ದು ಆಕೆಗೆ ಗೊತ್ತಿತ್ತು.

"ಇತ್ತು" ಎಂದ.

"ಕೈಯಲ್ಲಿ ಎರಡು ಫೋನಿತ್ತಲ್ಲೋ. ಒಂದರಿಂದಾದ್ರೂ ಆಸ್ಪತ್ರೆಗೆ ಮಾಡಬಾರದಿತ್ತಾ?"

ಅವನು ನೆಲಕ್ಕೆ ಬಾಗಿದ. ಅಕ್ಕನ ಪಾದಕ್ಕೆ ಕೈ ಚಾಚಿದ. ಅವರು ಕಾಲು ಹಿಂದಕ್ಕೆಳೆದುಕೊಂಡರು.

ದಫೇದಾರ ಅವನನ್ನು ಹಿಂಬಾಗಿಲಿನಿಂದ ಕರೆದೊಯ್ದ. ಹೊರಗಿನ ಏಜೆಂಟರಿಗೆ ಯಾರಾದರೂ ಹೇಳಬೇಕಿತ್ತು. ಇನ್ಸ್‌ಪೆಕ್ಟರ್ ಟೋಪಿ ಸರಿಮಾಡಿಕೊಂಡು ಎದ್ದಳು.

"ನೀವು ಕೂತ್ಕೊಳ್ಳಿ" ಎಂದರು ಆ ಹೆಂಗಸು. "ಸಂದೇಶದ ವಿಷಯ ಅವರೇ ಹೇಳ್ಬೇಕು ಅಂದ್ಕೊಂಡಿದ್ರಲ್ಲ. ಅವರ ಬದಲು ನಾನು ಹೇಳ್ತೀನಿ. ಮಿಕ್ಕಿದ್ದೂ ನಾನೇ ಹೇಳ್ತೀನಿ. ನನ್ನ ತಮ್ಮ ಅಲ್ವಾ."

ಸೆರಗು ಬಿಗಿಯಾಗಿ ಹೊದ್ದು ಅವರು ಒಬ್ಬರೇ ಸಭಾಂಗಣದ ಬಾಗಿಲಿಗೆ ಹೋದರು. ಅವರನ್ನು ಕಂಡು ಅಷ್ಟೂ ಏಜೆಂಟರು ಎದ್ದು ನಿಂತರು.