ಇರಕಲ್ಲಗಡದ ಲೈನು

ಅವತ್ತು ನಾನು ಕುಡಿದಿರಲಿಲ್ಲ, ಜ್ವರವೂ ಇರಲಿಲ್ಲ. ಸಿಟ್ಟು ಮಾತ್ರ ನೆತ್ತಿಗೇರಿತ್ತು.

ಎರಡು ಸಾವಿರದ ಇಸವಿಯ ಒಂದು ಅಮಾವಾಸ್ಯೆ, ಮಟಮಟ ಮಧ್ಯಾಹ್ನ. ಕೊಪ್ಪಳದ ನಮ್ಮ ಬ್ಯಾಂಕಿನ ದೊಡ್ಡ ಕಂಪ್ಯೂಟರಿಗೆ ಎಲ್ಲ ಶಾಖೆಗಳನ್ನೂ ಜೋಡಿಸಿದ್ದರು. ಮುಚ್ಚಿಹೋದ ಇರಕಲ್ಲಗಡ ಶಾಖೆಯ ಲೈನು ತೆಗೆದು ಹೊಸ ಕಾರಟಗಿ ಶಾಖೆಗೆ ಕೊಡಬೇಕಿತ್ತು, ಅದೂ ಕಂಪ್ಯೂಟರ್ ನಿಲ್ಲಿಸದೆ. ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಎಷ್ಟು ಸಲ ತೆಗೆಯಹೋದರೂ ಪರದೆಯ ಮೇಲೆ ಒಂದೇ ಉತ್ತರ: ಆ ಲೈನಿನಲ್ಲಿ ಯಾರೋ ಕೆಲಸ ಮಾಡುತ್ತಿದ್ದಾರೆ, ಅವರು ಮುಗಿಸುವ ತನಕ ತೆಗೆಯಲಾಗದು.

“ಕಾರಟಗ್ಯಾಗ ಭತ್ತ ಮಾರಿದ ಮಂದಿ ಪಾಳಿ ಹಚ್ಚಿ ನಿಂತಾರ್ರಿ. ಇನ್ನೂ ಎಷ್ಟೊತ್ತು?” ಮ್ಯಾನೇಜರ್ ಗೋವಿಂದರಾಜ ಕೂಗಿದರು.

“ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ತೀನ್ರಿ ಸರ್.”

“ಬ್ಯಾಡ್ರಿ! ಎಲ್ಲಾ ಶಾಖೆ ನಿಂತು ಹೋಗ್ತಾವ.”

ಇರಕಲ್ಲಗಡದಲ್ಲಿ ಕೂರುತ್ತಿದ್ದವನು ಗುಮಾಸ್ತ ಆದೆಪ್ಪ. ಯಾರಾದರೂ ಏಳು ಎನ್ನುವ ತನಕ ಕುರ್ಚಿ ಬಿಡುವ ಆಸಾಮಿಯಲ್ಲ. ಆತ ತೀರಿಕೊಂಡ ಮೇಲೆಯೇ ಶಾಖೆ ಮುಚ್ಚಿದ್ದು. ಮತ್ತೆ ಅದೇ ಉತ್ತರ ಬಂದಾಗ ನಾನು ರೇಗಿ, “ಆದೆಪ್ಪಣ್ಣಾ, ಸಾಕು ಏಳಪಾ ಇನ್ನ!” ಎಂದು ಪರದೆಯ ಮೇಲೇ ಹಾರಿಬಿದ್ದೆ.

ಲೈನು ಖಾಲಿಯಾಯಿತು.

ಗೋವಿಂದರಾಜರು ಖುಷಿಯಿಂದ ಚಹಾ ತರಿಸಿದರು. ನನಗೆ ಕುಡಿಯಲಾಗಲಿಲ್ಲ. ಆದೆಪ್ಪ ಕೆಲಸ ಮಾಡುತ್ತಿದ್ದ ಪರದೆಯ ಪೆಟ್ಟಿಗೆ, ಆ ಹಳೆಯ ಟರ್ಮಿನಲ್, ಶಾಖೆ ಮುಚ್ಚಿದಾಗಿನಿಂದ ನಮ್ಮ ಉಗ್ರಾಣದಲ್ಲೇ ಬಿದ್ದಿತ್ತು. ಹೋಗಿ, ಅದಕ್ಕೆ ಹೊದಿಸಿದ್ದ ಗೋಣಿಚೀಲ ಸರಿಸಿದೆ. ಗಾಜು ಬೆಚ್ಚಗಿತ್ತು. ಆ ಕೋಣೆಗೆ ಕರೆಂಟೇ ಇಲ್ಲ.

ಪ್ರತಿ ಅಮಾವಾಸ್ಯೆಗೂ ಆದೆಪ್ಪ ಅದರ ನೆತ್ತಿಗೆ ಕುಂಕುಮ ಹಚ್ಚುತ್ತಿದ್ದ. ಬೆರಳಿಟ್ಟು ನೋಡಿದೆ. ಹಸಿಯಾಗಿತ್ತು.