ಮೂರನೇ ಲಿವರಿಗೆ ಸುತ್ತಿದ ಕೂದಲು

ಹಿಡಿದವನ ಕೈಯನ್ನೇ ನುಂಗುವ ಲಿವರನ್ನು ನಾನು ಮೂರು ಸಲ ಮುಟ್ಟಿ ಬಂದವಳು. ಸರಿ, ಅರ್ಧ ಸುಳ್ಳು. ಬಾಗಿಲವರೆಗೆ ಹೋಗಿ ಓಡಿ ಬಂದಿದ್ದೆ. ಹೊಸ ಸ್ಟೇಷನ್ ಮಾಸ್ತರ ಮಾತ್ರ ಓಡುವ ಪೈಕಿಯಲ್ಲ. ಅವನ ಜಂಭಕ್ಕೆ ಆ ಪುಟ್ಟ ಪ್ಲಾಟ್‌ಫಾರಂ ಸಾಲದೆ ಇನ್ನೆರಡು ಗಜ ಕಟ್ಟಿಸಬೇಕಿತ್ತು.

ಸಿಗ್ನಲ್ ಕ್ಯಾಬಿನ್ನಿನಲ್ಲಿ ಹಳಿ ಬದಲಿಸುವ ಲಿವರುಗಳು ಸಾಲಾಗಿ ನಿಂತಿದ್ದವು. ಮೂರನೆಯದಕ್ಕೆ ಹೆಂಗಸಿನ ನರೆಗೂದಲು ಬಿಗಿಯಾಗಿ ಸುತ್ತಿತ್ತು. ಗ್ರೀಸಿನ ವಾಸನೆಯ ಅಡಿಯಲ್ಲಿ ಹಳಸಿದ ರಕ್ತದ ವಾಸನೆ.

"ಅದನ್ನ ಮುಟ್ಬೇಡಿ ಸಾರ್," ಎಂದ ಮುದಿ ಪಾಯಿಂಟ್ಸ್‌ಮನ್. "ನಮ್ಮವ್ವ ಕಟ್ಟಿದ್ದು. ಹಿಂದೊಬ್ಬ ಮಾಸ್ತರು ಅವಸರ ಮಾಡಿ ಎಳೆಸ್ದ. ಹಳಿಗೆ ಎಣ್ಣೆ ಹಾಕ್ತಿದ್ದ ನಮ್ಮಣ್ಣನ ಕೈ ಮಧ್ಯೆ ಸಿಕ್ಕಿ ಅರೆದುಹೋಯ್ತು, ಸತ್ತೋದ. ಅವ್ವ ಕೂದ್ಲು ಕಿತ್ತು ಸುತ್ತಿ, ಇನ್ಮೇಲೆ ಇದನ್ನ ಎಳೆದೋನ ಕೈ ಇದಕ್ಕೇ ಸೇರ್ಲಿ ಅಂದ್ಲು."

"ನಿಮ್ಮವ್ವಂಗೆ ಬಾಚಣಿಗೆ ಸಿಗ್ಲಿಲ್ವೇನಯ್ಯ?"

ಆ ಶಾಪದ ಆಮೇಲೆ ಬಂದ ಮಾಸ್ತರರೆಲ್ಲ, ಮೂರನೇ ಲಿವರ್ ಎಳೆದರೆ ಕೂಡುವ ಪಕ್ಕದ ಹಳಿಯನ್ನು, ಲೂಪ್ ಲೈನನ್ನೇ ಮರೆತಿದ್ದರು. ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಬೇಕಾದ ಲೋಕಲ್ ರೈಲನ್ನು ಹಿಂದಿನ ಸ್ಟೇಷನ್ನಿನಲ್ಲೇ ತಾಸುಗಟ್ಟಲೆ ತಡೆಯುತ್ತಿದ್ದರು. ಅಂದಿನ ಮಧ್ಯಾಹ್ನದ ಲೋಕಲ್ಲಿನಲ್ಲಿ ಮಾಸ್ತರನ ಹೆಂಡತಿ ಬರುತ್ತಿದ್ದಳು, ಅವನಿನ್ನೂ ಮುಖ ನೋಡದ ಎರಡು ತಿಂಗಳ ಮಗಳನ್ನು ಎತ್ತಿಕೊಂಡು.

"ನನ್ ಮಗಳು ಈ ಬಿಸ್ಲಲ್ಲಿ ಅಲ್ಲಿ ಬೇಯ್ಬೇಕಾ?"

ಕತ್ತರಿ ಹಾಕಿ ಕೂದಲು ಕತ್ತರಿಸಿದ. ಲಿವರ್ ಎಳೆದ. ಲೋಕಲ್ ಲೂಪಿಗೆ ಹೊರಳಿ ಕ್ಯಾಬಿನ್ನಿನ ಎದುರಿಗೇ ನಿಂತಿತು. ಹೆಂಡತಿ ಕಿಟಕಿಯಲ್ಲಿ ಮಗುವಿನ ಪುಟ್ಟ ಮುಷ್ಟಿ ಹಿಡಿದು ಅವನತ್ತ ಬೀಸಿದಳು.

ಅವನೂ ಕೈ ಬೀಸಲು ಹೋದ. ಬೆರಳು ಬಿಚ್ಚಲಿಲ್ಲ.

ಎಕ್ಸ್‌ಪ್ರೆಸ್ಸಿಗೆ ನೇರ ದಾರಿ ಕೊಡಲು ಲಿವರನ್ನು ಹಿಂದಕ್ಕೆ ತಳ್ಳಬೇಕು, ಇಲ್ಲದಿದ್ದರೆ ಅದೂ ಲೂಪಿಗೇ ನುಗ್ಗಿ ನಿಂತ ಲೋಕಲ್ಲಿಗೆ ಗುದ್ದುತ್ತದೆ. ತಳ್ಳಿದ. ಅವನ ಬಲಗೈಯೇ ಅವನಿಗೆ ಎದುರು ನಿಂತಿತು. ಅಂಗೈ ಬೆಂದ ವಾಸನೆ. ಹೊರಗೆ, ಯಾರೂ ಮುಟ್ಟದೆ, ಕೆಂಪು ಸಿಗ್ನಲ್ ಹಸಿರಾಯಿತು. ದೂರದಲ್ಲಿ ಸೀಟಿ.

"ಇಳ್ಕೊಳ್ಳೇ, ಇಳ್ಕೋ," ಎಂದು ಅರಚಿದ. ಎಂಜಿನ್ನಿನ ಸದ್ದು ಅದನ್ನು ನುಂಗಿತು. ಹೆಂಡತಿ ನಕ್ಕಳು.

ಪಾಯಿಂಟ್ಸ್‌ಮನ್ ಹೆಗಲು ಕೊಟ್ಟ. ಲಿವರ್ ಜಗ್ಗಲಿಲ್ಲ. ಮಾಸ್ತರ ಗೋಡೆಗೆ ತೂಗುಹಾಕಿದ್ದ ಕೊಡಲಿಯತ್ತ ನೋಡಿದ.

"ಮಣಿಕಟ್ಟಿಗೆ ಹೊಡಿ."

"ಸಾರ್..."

"ನಿನ್ ಕಾಲಿಗೆ ಬೀಳ್ತೀನಿ ಯಜಮಾನ, ಹೊಡಿ."

ಮೊದಲ ಏಟಿಗೆ ಮೂಳೆ ಒಡೆಯಿತು. ಎರಡನೆಯದಕ್ಕೆ ರಕ್ತ ಕಿಟಕಿ ಗಾಜಿಗೆ ಚಿಮ್ಮಿತು. ಮೂರನೆಯದಕ್ಕೆ ಮಾಸ್ತರ ಒಂದು ಕಡೆ, ಕೈ ಒಂದು ಕಡೆ. ಒಂದು ಬಾವಿಯಷ್ಟು ರಕ್ತ. ಬೇಕಾದರೆ ಒಂದು ಕೊಡ ಕಮ್ಮಿ ಮಾಡಿಕೊಳ್ಳಿ. ಇಬ್ಬರೂ ಮೈಯೆಲ್ಲ ಹಾಕಿ ತಳ್ಳಿದರು. ಲಿವರ್ ಹೊರಳಿತು. ಹಳಿ ಖಟ್ಟೆಂದು ನೇರಕ್ಕೆ ಕೂಡಿತು.

ಮಾಸ್ತರ ನಕ್ಕ. ಅತ್ತ. ಕುಸಿದ.

ಲಿವರಿನ ಮೇಲೆ, ಒಡೆಯನಿಲ್ಲದ ಕೈ ಬೆರಳು ಬಿಗಿಯಿತು. ಗೆಣ್ಣುಗಳು ಬೆಳ್ಳಗಾದವು. ಲಿವರ್ ಮತ್ತೆ ಇತ್ತ ಬಾಗತೊಡಗಿತು.

ಮಾಸ್ತರ ಎದ್ದ. ಉಳಿದ ಎಡಗೈ ಕೊಟ್ಟು ತಳ್ಳಿದ. ಎಡಗೈ ಅತ್ತ. ಬಲಗೈ ಇತ್ತ. ನೆಲ ನಡುಗಿತು. ಗಾಜು ಗದಗುಟ್ಟಿತು. ಕೆಂಪು ಗಾಜಿನಾಚೆ ಪುಟ್ಟ ಮುಷ್ಟಿ ಇನ್ನೂ ಬೀಸುತ್ತಿತ್ತು. ಎಕ್ಸ್‌ಪ್ರೆಸ್ ಬಂದೇಬಿಟ್ಟಿತು.

ನಿಮಗೂ ಎರಡು ಕೈಗಳಿವೆಯಲ್ಲ. ಯಾವುದು ಗೆದ್ದಿತು, ಹೇಳಿ ನೋಡೋಣ.